ಬುಟ್ಟಿ ಇಳಿಯುವ ಮೊದಲೇ

ಗುಬ್ಬಿ
೧೪-೩-೨೦೦೨

ಪ್ರೀತಿಯ ಸೊಸೆ ಭಾನುಪ್ರಿಯಾಳಿಗೆ ಅತ್ತೆ ಚಿಕ್ಕಗಂಗಮ್ಮ ಮಾಡುವ ಆಶೀರ್ವಾದ.

ಯಡಿಯೂರಿನಲ್ಲಿ ಎಲ್ಲರೂ ಹೇಗಿದ್ದೀರಿ? ಬೀಗರು ಮುದ್ದಯ್ಯನವರ ಮಂಡಿನೋವು ಇಳಿಯಿತೇ? ನಿಮ್ಮಮ್ಮ ಶಿವರುದ್ರಮ್ಮನವರು ಬಿ.ಪಿ. ಮಾತ್ರೆ ಮರೆಯದೆ ನುಂಗುತ್ತಿದ್ದಾರೆಯೇ? ನೀನು ಸಿಟ್ಟಿಗೆ ಊಟ ಬಿಡಬೇಡ. ಸಿಟ್ಟಿಗೂ ತ್ರಾಣ ಬೇಕು. ನಾನು ಮೈಯಲ್ಲಿ ಚೆನ್ನಾಗಿದ್ದೇನೆ, ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ನಿನ್ನ ಮೇಲಲ್ಲ ಕಣಮ್ಮ, ನಾನು ಹೆತ್ತವನ ಮೇಲೆ.

ನೀನು ಕುಣಿಗಲ್ ಬಸ್ಸು ಹತ್ತಿದ ಮೇಲೆ ಶಿವರಾಜ ಬಂದು, "ಅಷ್ಟಕ್ಕೆಲ್ಲ ಮುನಿಸ್ಕೊಂಡು ಹೋಗ್ತಾರೇನವ್ವ?" ಅಂದ. ಅಷ್ಟಕ್ಕೆಲ್ಲವಂತೆ. ಕೆಳಗೆ ಅವನ ಅಚ್ಚಿನ ಅಂಗಡಿ, ಮೇಲೆ ಮನೆ. ಮೇಲೆ ಕಿಟಕಿ ಪಕ್ಕದ ಕಂಪ್ಯೂಟರಿನಲ್ಲಿ ನೀನು ಲಗ್ನಪತ್ರಿಕೆ ಟೈಪು ಮಾಡುವುದು, ಮುಗಿದ ಮೇಲೆ ಫ್ಲಾಪಿಯನ್ನು ಸೊಪ್ಪಿನ ಬುಟ್ಟಿಗೆ ಹಾಕಿ ಹಗ್ಗದಲ್ಲಿ ಇಳಿಸುವುದು, ಅವನು ಅಚ್ಚು ಹಾಕುವುದು. ನೀನು ಬಂದಾಗಿನಿಂದ ನಡೆದದ್ದು ಹೀಗೆ. ಬುಟ್ಟಿ ಇಳಿಯಿತು ಅಂದರೆ ಕೆಲಸ ಮುಗಿಯಿತು ಅಂತ. ಇಳಿಯದಿದ್ದರೆ, ಗಿರಾಕಿ ಎಷ್ಟೇ ಕೂಗಾಡಲಿ, ಮುಗಿದಿಲ್ಲ ಅಂತಲೇ.

ಎರಡು ಕಂಪ್ಯೂಟರನ್ನೂ ಜೋಡಿಸುವ ಆ ನೆಟ್‌ವರ್ಕ್ ಕಾರ್ಡನ್ನು ಅವನು ಹಾಕಿಸಿದಾಗ ನೀನು ಹಿಟ್ಟಿನ ಗಿರಣಿಗೆ ಹೋಗಿದ್ದೆ. ನಾನು ಪಕ್ಕದಲ್ಲೇ ಕೂತು ಎಲೆಗೆ ಸುಣ್ಣ ಹಚ್ಚುತ್ತ ನೋಡಿದೆ. ತುಮಕೂರಿನಿಂದ ಬಂದ ಮೆಕ್ಯಾನಿಕ್ಕು ನಿನ್ನ ಡಬ್ಬದ ಮುಚ್ಚಳ ಬಿಚ್ಚಿದ, ಉಫ್ ಅಂತ ದೂಳು ಊದಿದ, ಚಿನ್ನದ ಹಲ್ಲಿನಂತೆ ಅಂಚಿರುವ ಒಂದು ಹಸಿರು ಬಿಲ್ಲೆಯನ್ನು ಸಂದಿಗೆ ಒತ್ತಿ, ಒಂದೇ ಒಂದು ಸ್ಕ್ರೂ ಬಿಗಿದ. ಕೆಳಗಿನದಕ್ಕೂ ಅಂಥದ್ದೇ ಒಂದು. ಆಮೇಲೆ ಬುಟ್ಟಿಯ ಹಗ್ಗ ಬಿಚ್ಚಿ ಅಟ್ಟಕ್ಕೆಸೆದು, ಅದೇ ಕಿಟಕಿಯಲ್ಲಿ ನೀಲಿ ವೈರು ಇಳಿಬಿಟ್ಟರು. "ಇನ್ಮೇಲೆ ಬುಟ್ಟಿ ಕಾಟ ಇಲ್ಲ ಕಣವ್ವ. ಅವ್ಳ ಕಂಪ್ಯೂಟರಲ್ಲಿರೋದ್ನ ನಾನು ಕೆಳಗೆ ಕೂತೇ ಎತ್ಕೊತೀನಿ" ಅಂದ ಶಿವರಾಜ. "ಅವಳ್ನ ಕೇಳಿದ್ದೀಯೇನ್ಲಾ?" ಅಂದೆ. "ಕಾರ್ಡ್ ಹಾಕ್ಸಾಕೂ ಹೆಂಡ್ತೀನ ಕೇಳ್ಬೇಕಾ, ಬುಡವ್ವ" ಅಂದ.

ಅವನು ಎತ್ತಿಕೊಂಡಿದ್ದೇನು? ಚೇಳೂರಿನ ಪುಟ್ಟರಂಗಯ್ಯನ ಮಗಳ ಪತ್ರಿಕೆ. ನೀನು ಹಳೆಯ ಪತ್ರಿಕೆಯನ್ನೇ ಮಾದರಿಗಿಟ್ಟುಕೊಂಡು ಒಂದೊಂದೇ ಹೆಸರು ಬದಲಾಯಿಸುತ್ತೀಯ ಅಂತ ನನಗೆ ಗೊತ್ತು. ಆ ಪತ್ರಿಕೆಗಳನ್ನು ತಪ್ಪು ಹುಡುಕುತ್ತ ಓದಿಯೇ ನಾನು ಈ ವಯಸ್ಸಿನಲ್ಲಿ ಅಕ್ಷರ ಕಲಿತವಳು. ಗಂಡಿನ ಕಡೆಯವರು ಹಿರಿಯರ ಹೆಸರು ಹೇಳಿ ಕಳಿಸಲಿ ಅಂತ ನೀನು ವರನ ಭಾಗವನ್ನು ಹಳೆಯ ಹೆಸರಿನಲ್ಲೇ ಬಿಟ್ಟಿದ್ದೆ. ಈ ಮಹಾರಾಯ ಕಾಯಲಿಲ್ಲ. ಅರ್ಧ ಬೆಂದ ಮುದ್ದೆಯನ್ನು ಒಲೆಯಿಂದ ಎತ್ತಿದ ಹಾಗೆ ಎತ್ತಿ, ಇಡೀ ಕಟ್ಟು ಅಚ್ಚು ಹಾಕಿಬಿಟ್ಟ. ಪುಟ್ಟರಂಗಯ್ಯನ ಮನೆಯವರು ಮೂಲೆಗೆ ಅರಿಶಿನ ಹಚ್ಚಿ, ದೇವರ ಮುಂದಿಟ್ಟು ಓದಿದರೆ, ವರನ ಜಾಗದಲ್ಲಿ ಕ್ಯಾತ್ಸಂದ್ರದಲ್ಲಿ ಆಗಲೇ ಮದುವೆಯಾಗಿರುವ ಹುಡುಗ.

"ನನ್ನ ಮಗ್ಳುನ್ನ ಎರಡ್ನೇ ಹೆಂಡ್ತಿ ಮಾಡ್ಬುಟ್ರಲ್ಲಯ್ಯ" ಅಂತ ಆತ ಬೀದಿಯಲ್ಲಿ ನಿಂತು ಕೇಳಿದ್ದು ತಪ್ಪಲ್ಲ. ಆದರೆ ನನ್ನ ಮಗ ಕೊಟ್ಟ ಉತ್ತರವಿದೆಯಲ್ಲ. "ನಮ್ಮನೇವ್ಳು ಟೈಪ್ ಮಾಡಿದ್ದು ಯಜಮಾನ್ರೇ. ಹೆಂಗಸ್ರ ಕೆಲ್ಸ. ಇನ್ಮೇಲೆ ಅವ್ಳ ಕೈಗೆ ಕೊಡಲ್ಲ." ನೀನು ಕಿಟಕಿಯಲ್ಲಿ ನಿಂತು ಕೇಳಿಸಿಕೊಂಡೆ. ನಾನೂ ಕೇಳಿಸಿಕೊಂಡೆ. ಆ ಅಂಗಡಿಗೆ ಗಿರಾಕಿ ಬರುವುದೇ ನಿನ್ನ ಕೈಗೆ. ಆ ಕೈಯನ್ನೇ ಬೀದಿಯಲ್ಲಿ ಹಳಿದನಲ್ಲ, ಇದನ್ನು ಹೇಗೆ ಸಹಿಸಲಿ?

ಮೊನ್ನೆ, "ನೀನು ಹೋಗಿ ಕರ್ಕೊಂಡ್ ಬಾರವ್ವ, ಕೆಲ್ಸ ನಿಂತೋಗದೆ" ಅಂದ. "ಬೀದೀಲಿ ಕಳೆದ ಮಾನಾನ ಬೀದೀಲೇ ಹುಡುಕ್ಕೊಡು, ಆಮೇಲೆ ನೀನೇ ಹೋಗಿ ಕರಿ" ಅಂದೆ. ಮುಖ ಊದಿಸಿಕೊಂಡು ಕೂತಿದ್ದಾನೆ. ಕೂರಲಿ. ಅವನು ಪುಟ್ಟರಂಗಯ್ಯನ ಎದುರು ನಿಂತು ತಪ್ಪು ತನ್ನದು ಅನ್ನುವವರೆಗೆ ನೀನು ಬರಬೇಡ.

ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಸಿದ್ಧಲಿಂಗೇಶ್ವರ ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ಅತ್ತೆ,
ಚಿಕ್ಕಗಂಗಮ್ಮ

ಮರೆತಿದ್ದೆ: ಕೆಳಗಿನ ಕಂಪ್ಯೂಟರಿನಲ್ಲಿ ಮೇಲಿನದು ಕಾಣುತ್ತಿಲ್ಲ ಅಂತ ಶಿವರಾಜ ವೈರು ಎಳೆದೆಳೆದು ನೋಡುತ್ತಿದ್ದಾನೆ. ಎಲ್ಲಿಂದ ಕಾಣಬೇಕು? ಒಂದೇ ಸ್ಕ್ರೂ ತಾನೇ. ಕರೆಂಟು ಕಿತ್ತು, ಮುಚ್ಚಳ ತೆಗೆದು, ಆ ಬಿಲ್ಲೆಯನ್ನು ಬಿಚ್ಚಿ ಎಲೆಅಡಿಕೆ ಸಂಚಿಗೆ ಹಾಕಿಕೊಂಡಿದ್ದೇನೆ. ಬುಟ್ಟಿಗೆ ಹೊಸ ಹಗ್ಗ ಕಟ್ಟಿದ್ದೇನೆ. ಆ ಕಾರ್ಡಿನ ಮೇಲೆ ನನಗೆ ಹಗೆಯಿಲ್ಲ; ಅದನ್ನು ಮತ್ತೆ ಕೂರಿಸಬೇಕೋ ಬೇಡವೋ, ನೀನು ಹೇಳಿದಂತೆ. ಸುಣ್ಣ ತಾಗಿದರೆ ಅದರ ಹಲ್ಲು ಕೆಡುತ್ತದೋ ಏನೋ, ಬೇಗ ಕಾಗದ ಬರೆ.