ಎಡಗೈಯಲ್ಲಿ ಹೊಡೆದ ಜಿಂಕೆ

ಆರ್ವಿಡ್,

ಇವತ್ತು ಗಂಡುಜಿಂಕೆ ಹೊಡೆದೆ, ಅದೂ ಎಡಗೈಯಲ್ಲಿ! ನೀನಿದ್ದಿದ್ದರೆ ನಂಬುತ್ತಿರಲಿಲ್ಲ.

ಲಕ್ವ ಹೊಡೆದ ಮೇಲೆ ನನ್ನ ಬಲಗೈ ಚಮಚವನ್ನೂ ಎತ್ತುವುದಿಲ್ಲ. ಈ ಸಲ ಬೇಟೆ ಕ್ಲಬ್ಬಿನ ಮನೆಯಲ್ಲೇ ಇದ್ದು ಅಡುಗೆ ಮಾಡುತ್ತೇನೆ ಅಂದಿದ್ದೆ. ನಮ್ಮ ಬೇಟೆ ಗುಂಪಿನ ರೂಡಿ ಬಿಡಲಿಲ್ಲ.

"ನಿನ್ನ ಅಡುಗೆ ತಿನ್ನೋದಕ್ಕಿಂತ ನಿನ್ನನ್ನ ಹೊತ್ಕೊಂಡು ಹೋಗೋದೇ ವಾಸಿ ಕಣೋ" ಅಂದ.

ಅವನೂ ಎಲ್ಮರನೂ ನನ್ನನ್ನು ಜಾರುಬಂಡಿಯಲ್ಲಿ ಕೂರಿಸಿ, ಹಿಮದ ಮೇಲೆ ಎಳೆದುಕೊಂಡು ಹೋಗಿ ಜೌಗಿನ ಅಂಚಿನಲ್ಲಿ ಬಿಟ್ಟರು. ಸುಪೀರಿಯರ್ ಸರೋವರದ ಕಡೆಯಿಂದ ಗಾಳಿ ಕೊರೆಯುತ್ತಿತ್ತು.

"ಗುರಿ ತಪ್ಪಿದ್ರೆ ಎಲ್ಲರಿಗೂ ಮಾಡೋ ಹಾಗೆ ನಿನ್ನ ಅಂಗಿ ತುದಿನೂ ಕತ್ತರಿಸಿ ಕ್ಲಬ್ಬಿನ ಗೋಡೆಗೆ ಮೊಳೆ ಹೊಡೀತೀವಿ. ಲಕ್ವ ಗಿಕ್ವ ಅಂತ ರಿಯಾಯಿತಿ ಇಲ್ಲ!" ಅಂದ ಎಲ್ಮರ್.

ಬೇಸಿಗೆಯಿಡೀ ಹಿತ್ತಲಲ್ಲಿ ಎಡಹೆಗಲಿಗೆ ಕೋವಿ ಆನಿಸಿ ಅಭ್ಯಾಸ ಮಾಡಿದ್ದು ಅವರಿಗೇನು ಗೊತ್ತು? ಜಿಂಕೆ ಬಂದು ನಿಂತಾಗ ಕೋವಿಯನ್ನು ಊರುಗೋಲಿನ ಮೇಲಿಟ್ಟು, ಉಸಿರು ಬಿಗಿಹಿಡಿದು ಟ್ರಿಗರ್ ಒತ್ತಿದೆ. ಒಂದೇ ಗುಂಡು! ಎಂಟು ಕವಲಿನ ಕೊಂಬು! ಎಲ್ಮರ್ ಹಿಮದಲ್ಲೇ ಕುಣಿದ. ರೂಡಿ ನನ್ನನ್ನು ತಬ್ಬಿಕೊಂಡು ಬೈದ, ಬೈಯುತ್ತಲೇ ಅತ್ತ.

ಮೊದಲು ನಿನಗೇ ಹೇಳಬೇಕು ಅನ್ನಿಸಿತು. ನೀನು ಬದುಕಿಲ್ಲವೆಂದು ಗೊತ್ತಿದ್ದೂ ನಿನ್ನ ಮನೆಗೆ ಫೋನ್ ಮಾಡಿದೆ. ನಿನ್ನ ಹೆಂಡತಿ ಹೆಲ್ಮಿ ಎತ್ತಿದಳು.

"ವೈನೋ, ನೀನಾ? ನಿನಗೂ ಆರ್ವಿಡ್‌ಗೂ ಜಗಳ ಆದ್ಮೇಲೆ ಇದೇ ಮೊದಲ್ನೇ ಸಲ ನಿನ್ನ ದನಿ ಕೇಳ್ತಿರೋದು" ಅಂದಳು.

ಜಿಂಕೆಯ ಕಥೆಯನ್ನೆಲ್ಲ ಹೇಳಿದೆ. ಜೋರಾಗಿ ನಕ್ಕಳು.

"ನಾಳೆ ಮಾಂಸ ತರ್ಲಾ?" ಅಂದೆ.

"ತಾ. ಆದ್ರೆ ಬಾಗಿಲಲ್ಲಿ ಕೊಟ್ಟು ಓಡಿಹೋಗ್ಬೇಡ. ಕೂತು ಊಟ ಮಾಡ್ಕೊಂಡು ಹೋಗು."

ಹೋಗುತ್ತೇನೆ, ಆರ್ವಿಡ್.

ವೈನೋ