ಕಿವಿ ತಪಾಸಣೆಗೆ ಕೂಗಿ ಕರೆದವರಿಗೆ

ಮಾಜಿ ಸೈನಿಕರ ಕಿವಿ ತಪಾಸಣಾ ಮಂಡಳಿಯ ಅಧ್ಯಕ್ಷರೇ,

ಕಿವಿ ಕೇಳದ ನನ್ನ ಮಗನನ್ನು ತಾವು ಬಾಗಿಲೊಳಗಿನಿಂದ ಮೂರು ಸಲ ಕೂಗಿಸಿದಿರಿ. ಅವನು ಓಗೊಡಲಿಲ್ಲವೆಂದು ‘ಗೈರುಹಾಜರು, ಅರ್ಜಿ ವಜಾ’ ಎಂದು ಮುದ್ರೆ ಒತ್ತಿದಿರಿ. ತಮ್ಮ ಮಂಡಳಿಯ ಜಾಣತನಕ್ಕೆ ದೊಡ್ಡ ನಮಸ್ಕಾರ. ಕೂಗಿದರೆ ಕೇಳಿಸುವ ಹಾಗಿದ್ದರೆ ಅವನು ತಮ್ಮಲ್ಲಿಗೆ ಏಕೆ ಬರುತ್ತಿದ್ದ ಸ್ವಾಮಿ?

ಅವನು ಗೈರಾಗಿರಲಿಲ್ಲ. ಬೆಳಿಗ್ಗೆ ಒಂಬತ್ತರಿಂದ ತಮ್ಮ ಬಾಗಿಲಿಗೆ ನಾಲ್ಕೇ ಹೆಜ್ಜೆ ದೂರದ ಬೆಂಚಿನಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಾಗದಪತ್ರದ ಚೀಲ ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದ. ಸರದಿ ತಪ್ಪೀತೆಂದು ನೀರು ಕುಡಿಯಲೂ ಏಳಲಿಲ್ಲ. ಜೊತೆಗೆ ಬಂದ ನನ್ನನ್ನು ಗೇಟಿನವನು ಒಳಗೆ ಬಿಡಲಿಲ್ಲ. ಸಂಜೆ ನಾಲ್ಕಕ್ಕೆ ಹೊರಬಂದವನು, “ಇವತ್ತು ಕರೀಲೇ ಇಲ್ಲಮ್ಮಾ. ಜನ ಜಾಸ್ತಿ ಇದ್ರು, ಪಾಪ,” ಎಂದ. ಪಾಪ ಎಂದದ್ದು ತಮ್ಮನ್ನು!

ತಮ್ಮ ಕಾಗದ ಬಂದ ಮೇಲೆ ನಾನೇ ಹೋಗಿ ಗುಮಾಸ್ತನನ್ನು ಕೇಳಿದೆ.

“ಮೂರು ಸಲ ಕೂಗಿದೀವಿ ಅಜ್ಜಿ. ಇಡೀ ಕಟ್ಟಡಕ್ಕೆ ಕೇಳಿಸ್ತು.”

“ಅವನಿಗೆ ಕೇಳಿಸ್ತೇನಪ್ಪಾ?”

“ಕೇಳಿಸಲ್ಲ ಅಂದ್ರೆ ತಪಾಸಣೆ ಟೈಮಲ್ಲಿ ಹೇಳ್ಬೇಕಿತ್ತು.”

“ಒಳಗೆ ಕರ್ಕೊಂಡ್ರೆ ತಾನೇ ಹೇಳೋದು, ಬುದ್ಧಿವಂತ!”

ನಾನು ಓದಿದ್ದು ನಾಲ್ಕನೇ ತರಗತಿ. ನಮ್ಮೂರಿನ ಮಾಸ್ತರು ಹಾಜರಿ ಕರೆಯುವಾಗ ತಲೆಯೆತ್ತಿ ಮಕ್ಕಳ ಮುಖ ನೋಡುತ್ತಿದ್ದರು. ಅಷ್ಟು ವಿದ್ಯೆ ತಮ್ಮ ಕಚೇರಿಯಲ್ಲಿ ಒಬ್ಬರಿಗೂ ಇಲ್ಲವೇ? ಹತ್ತೊಂಬತ್ತರ ಪ್ರಾಯದಲ್ಲಿ ಸರ್ಕಾರ ಕರೆದಾಗ ನನ್ನ ಮಗನಿಗೆ ಒಂದೇ ಸಲಕ್ಕೆ ಕೇಳಿಸಿತ್ತು. ಆಮೇಲೆ ಹದಿನಾರು ವರ್ಷ ಕಿವಿಗೆ ಹತ್ತಿ ತುರುಕಿಕೊಂಡು ಫಿರಂಗಿಯ ಪಕ್ಕದಲ್ಲಿ ನಿಂತ. ಅಲ್ಲಿ ಒಂದು ದಿನವಾದರೂ ಅವನನ್ನು ಗೈರುಹಾಜರು ಎಂದು ಬರೆದಿದ್ದೀರಾ?

ಈಗ ನಮ್ಮ ಮನೆಯಲ್ಲಿ ಮೆತ್ತಗೆ ಮಾತಾಡುವವರೇ ಇಲ್ಲ. ಸೊಸೆ ಪ್ರೀತಿಯ ಮಾತನ್ನೂ ಜಗಳದ ದನಿಯಲ್ಲೇ ಆಡಬೇಕು. ಆರು ವರ್ಷದ ಮೊಮ್ಮಗಳು ತರಗತಿಯಲ್ಲೂ ಕಿರುಚುತ್ತಾಳೆಂದು ಟೀಚರ್ ದೂರುತ್ತಾರೆ. ಮೊನ್ನೆ ಅವಳು ಅಪ್ಪನ ತೊಡೆ ಹತ್ತಿ, ಕಿವಿಗೆ ಬಾಯಿಟ್ಟು ಏನೋ ಗುಟ್ಟು ಹೇಳಿದಳು. ಇವನು ನಕ್ಕು ತಲೆಯಾಡಿಸಿದ. “ಏನ್ ಹೇಳ್ದೆ, ಹೇಳು ನೋಡಣ?” ಎಂದಳು. ಇವನು ನಗುತ್ತಲೇ ಇದ್ದ. ಮಗು ಮೆಲ್ಲಗೆ ಕೆಳಗಿಳಿದು ನನ್ನ ಹತ್ತಿರ ಬಂದು ಕೇಳಿತು: “ಅಜ್ಜೀ, ಗುಟ್ಟನ್ನ ಕಿರುಚಿ ಹೇಳಿದ್ರೆ ಅದು ಗುಟ್ಟಾ?” ತಾವು ಓದಿದವರು. ತಾವೇ ಆ ಮಗುವಿಗೆ ಉತ್ತರ ಹೇಳಿ.

ತಮ್ಮ ಸಹಿ ಬಿದ್ದರೆ ಮಾತ್ರ ಅವನಿಗೆ ಕಿವಿಯ ಯಂತ್ರ ಸಿಗುತ್ತದಂತೆ. ಆದ್ದರಿಂದ ವಜಾ ಮಾಡಿದ್ದನ್ನು ರದ್ದುಮಾಡಿ, ಇನ್ನೊಂದು ದಿನ ಕೊಡಿ. ಆ ದಿನ ಕೂಗಿಸಬೇಡಿ. ಕುರ್ಚಿಯಿಂದೆದ್ದು ತಾವೇ ಹೊರಗೆ ಬನ್ನಿ. ಆದರೆ ಹಿಂದಿನಿಂದ ಬಂದು ಭುಜ ಮುಟ್ಟಬೇಡಿ. ಒಮ್ಮೆ ಸೊಸೆ ಹಾಗೆ ಮುಟ್ಟಿದಾಗ, ಯಾರೆಂದು ನೋಡುವ ಮೊದಲೇ ಅವನ ಕೈ ಮೇಲೆದ್ದಿತ್ತು. ಆಮೇಲೆ ಇಡೀ ದಿನ ಆ ಕೈಯನ್ನೇ ನೋಡುತ್ತಾ ಕೂತಿದ್ದ. ಎದುರಿಗೆ ಬಂದು ಮುಖ ತೋರಿಸಿ, ಅಷ್ಟು ಸಾಕು. ಅವನು ತಟ್ಟನೆ ಎದ್ದು ತಮಗೆ ಸೆಲ್ಯೂಟ್ ಹೊಡೆಯುತ್ತಾನೆ. ಇಷ್ಟಾದ ಮೇಲೂ ಹೊಡೆಯುತ್ತಾನಲ್ಲ, ಅದೇ ನನ್ನ ಸಂಕಟ.

ಇಂತಿ,
ಮಗನೊಡನೆ ಕೂಗಿ ಕೂಗಿ ಗಂಟಲು ಹೋದ ಒಬ್ಬ ಮುದುಕಿ