ಹುಲಿಯಮ್ಮನ ಬಂಡಿದಾರಿ

ಸೆಪ್ಟೆಂಬರ್ 3, ಬುಧವಾರ

ಬೀರೂರಿಂದ ಎಂಟರ ಬಸ್ಸು. ತರೀಕೆರೆ ಕೋರ್ಟು. ಸೀನಿಯರ್ ಹಿಂದೆ ಫೈಲು ಹೊತ್ತು ಓಟ. ಮೂರು ಕೇಸಿನಲ್ಲಿ ಎದ್ದು ನಿಂತು 'ಮುಂದಿನ ದಿನಾಂಕ ಕೊಡಬೇಕು ಸ್ವಾಮಿ' ಎಂದದ್ದೇ ಇವತ್ತಿನ ವಾದ. ಕರಿಕೋಟು ಹಾಕಿ ಏಳು ತಿಂಗಳಾಯಿತು. ಅಪ್ಪ ದಿನಾ ಕೇಳುತ್ತಾರೆ, 'ಇವತ್ತು ಕೋರ್ಟಲ್ಲಿ ಏನ್ ಮಾತಾಡ್ದೆ ಮಗಳೇ?' ಅದೇ ಅಪ್ಪಾ. ನಿನ್ನೆ ಆಡಿದ್ದೇ.

ಆದರೆ ಮಧ್ಯಾಹ್ನ ಆಫೀಸಿಗೆ ಹುಲಿಯಮ್ಮ ಬಂದರು! ಅಜ್ಜಂಪುರದ ಆಚೆಯ ಹಳ್ಳಿ. ಎಪ್ಪತ್ತರ ಹತ್ತಿರದ ಅಜ್ಜಿ. ಚಪ್ಪಲಿ ಹೊರಗೆ ಬಿಟ್ಟು ಹೊಸಿಲಿನಾಚೆಯೇ ನಿಂತಿದ್ದರು. ಕುರ್ಚಿ ತೋರಿಸಿದರೆ ತುದಿಯಲ್ಲಿ ಕೂತರು.

'ಯಜಮಾನ್ರು ದಾರಿಗೆ ಬೇಲಿ ಹಾಕ್ಬುಟ್ಟವ್ರೆ ಕಣವ್ವ. ಈರುಳ್ಳಿ ಕಿತ್ತು ಹೊಲದಾಗೇ ಗುಡ್ಡೆ ಹಾಕಿದೀನಿ. ಟ್ರ್ಯಾಕ್ಟರ್ ಬರಂಗಿಲ್ಲ. ಒಂದ್ ಜೋರ್ ಮಳೆ ಬಂದ್ರೆ ಎಲ್ಲಾ ಕೊಳ್ತೋಯ್ತದೆ.'

ಯಜಮಾನರು ಅಂದರೆ ಉಗ್ರಪ್ಪನವರು, ಮುಂದಿನ ತೆಂಗಿನ ತೋಟದವರು. ಹೊಸದಾಗಿ ಡ್ರಿಪ್ ಪೈಪ್ ಎಳೆಸಿದ್ದಾರೆ. ಹುಲಿಯಮ್ಮ ಬಾಡಿಗೆಗೆ ತಂದ ಟ್ರ್ಯಾಕ್ಟರು ಅದನ್ನು ತುಳಿಯಿತು ಅಂತ ಸಿಟ್ಟು. ಅಜ್ಜಿಯ ನಾಲ್ಕು ಎಕರೆಗೆ ಮೂರು ಕಡೆಯೂ ಅವರದೇ ಜಮೀನು. ನಾಲ್ಕನೇ ಕಡೆ ರೈಲು ಹಳಿ.

ಸೀನಿಯರ್ ಕಾಂತರಾಜ್ ಸರ್ ಎಲ್ಲ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು. 'ಭೂಮಿಕಾ, ಇದನ್ನ ನೀನೇ ಡ್ರಾಫ್ಟ್ ಮಾಡು.'

ನಾನು! ನಾನೇ!

ಸೆಪ್ಟೆಂಬರ್ 4, ಬೆಳಿಗ್ಗೆ 5.30

ನಿದ್ದೆಯೇ ಬೇಡವಾಗಿದೆ. ಈಸ್‌ಮೆಂಟ್ ಕಾಯ್ದೆ ಇಷ್ಟು ಚೆಂದವಿದೆ, ಕಾಲೇಜಿನಲ್ಲಿ ಯಾಕೆ ತೂಕಡಿಸುತ್ತಿದ್ದೆನೋ! ಸೆಕ್ಷನ್ 15 — ಇನ್ನೊಬ್ಬರ ಜಮೀನಿನಲ್ಲಿ ಇಪ್ಪತ್ತು ವರ್ಷ ತಡೆಯಿಲ್ಲದೆ, ಎಲ್ಲರಿಗೂ ಕಾಣುವಂತೆ, ಯಾರ ಅಪ್ಪಣೆಯನ್ನೂ ಕೇಳದೆ ಹಕ್ಕಿನಿಂದ ಓಡಾಡಿದರೆ ಆ ದಾರಿಯ ಮೇಲೆ ನಿಜವಾಗಿಯೂ ಹಕ್ಕು ಹುಟ್ಟುತ್ತದೆ. ನಡೆದು ನಡೆದೇ ಹಕ್ಕು! ಹುಲಿಯಮ್ಮನ ಮನೆಯವರು ಅಲ್ಲಿ ಬಂಡಿ ಹೊಡೆಯುತ್ತಿರುವುದು 1987ರಿಂದ. ಗೆದ್ದಂತೆಯೇ.

ಸಂಜೆ

ಸರ್ ಡ್ರಾಫ್ಟ್ ನೋಡಿ, ಸೆಕ್ಷನ್ 13ರದ್ದೂ ಒಂದು ಪ್ಯಾರಾ ಸೇರಿಸು ಎಂದರು. ಅದು ಅಗತ್ಯದ ದಾರಿ. ಒಬ್ಬರೇ ಮಾಲೀಕರು ತಮ್ಮ ಜಮೀನು ಒಡೆದು ಒಂದು ಭಾಗ ಮಾರಿದಾಗ, ಕೊಂಡವರಿಗೆ ಬೇರೆ ದಾರಿಯೇ ಇಲ್ಲದಿದ್ದರೆ ಉಳಿದ ಭಾಗದಲ್ಲಿ ದಾರಿ ಬಿಡಲೇಬೇಕು. ಹುಲಿಯಮ್ಮನ ಗಂಡ, ತೀರಿಕೊಂಡ ಗಿರಿಯಪ್ಪ, ಆ ನಾಲ್ಕು ಎಕರೆ ಕೊಂಡಿದ್ದು ಉಗ್ರಪ್ಪನವರ ತಂದೆಯಿಂದಲೇ.

'ಇಪ್ಪತ್ತು ವರ್ಷದ್ದೇ ಸಾಕಲ್ವಾ ಸರ್? ಅದೇ ಗಟ್ಟಿ ಇದೆ.'

'ಬರೀ ಅಂದ್ರೆ ಬರಿಯಮ್ಮ.'

ಮುಖ ಊದಿಸಿಕೊಂಡು ಬರೆದೆ.

ಸೆಪ್ಟೆಂಬರ್ 8, ಸೋಮವಾರ

ಬೆಂಚ್ ಕ್ಲರ್ಕ್ ಕೂಗಿದರು — 'ಹುಲಿಯಮ್ಮ ವಿರುದ್ಧ ಉಗ್ರಪ್ಪ!' ಅಜ್ಜಿ ಬೆಚ್ಚಿ ನನ್ನ ತೋಳು ಹಿಡಿದರು. 'ನಂದೇ ಮೊದ್ಲು ಕೂಗವ್ರಾ? ಅವ್ರುದ್ದು ಆಮ್ಯಾಕಾ?' ಹೌದು ಅಜ್ಜಿ, ಕೇಸು ಹಾಕಿದವರು ನೀವೇ. ಹೊರಗೆ ಬಂದ ಮೇಲೂ ಅದನ್ನೇ ಎರಡು ಸಲ ಕೇಳಿದರು. ಗಾಬರಿಯೋ ಖುಷಿಯೋ ಗೊತ್ತಾಗಲಿಲ್ಲ.

ಉಗ್ರಪ್ಪನವರ ಪರ ಕಡೂರಿನ ಶಶಿಧರ ವಕೀಲರು. ಮೈಕೇ ಬೇಡದ ಗಂಟಲು. ದಾವೆ ಮುಗಿಯಲು ವರ್ಷಗಳೇ ಬೇಕು. ಅಲ್ಲಿಯವರೆಗೆ ದಾರಿ ಬಿಡಿಸಿ ಅನ್ನುವುದು ನಮ್ಮ ಮಧ್ಯಂತರ ಅರ್ಜಿ. ಜಡ್ಜ್ ಮೇಡಂ ಸ್ಥಳ ನೋಡಿ ವರದಿ ಕೊಡಲು ಒಬ್ಬ ವಕೀಲರನ್ನು ಕಮಿಷನರ್ ಮಾಡಿದ್ದಾರೆ.

ದಸರಾ ರಜೆಗೆ ಮೊದಲು ಆದೇಶ ಸಿಗದಿದ್ದರೆ ಈರುಳ್ಳಿ ಕೈಬಿಟ್ಟಂತೆ. ಸಂಜೆ ಬಸ್ಸಿನ ಕಿಟಕಿಯಿಂದ ಮೋಡವನ್ನೇ ನೋಡುತ್ತಾ ಬಂದೆ.

ಸೆಪ್ಟೆಂಬರ್ 13, ಶನಿವಾರ

ಹಾಳಾಯಿತು. ಎಲ್ಲಾ ಹಾಳಾಯಿತು.

ಕಮಿಷನರ್ ಸ್ಥಳಕ್ಕೆ ಬಂದರು. ಬಂಡಿದಾರಿ ಕಣ್ಣಿಗೆ ಹೊಡೆಯುವಂತಿದೆ, ಗಾಡಿ ಚಕ್ರದ ಗುಂಡಿ ಇನ್ನೂ ಇದೆ. ಟೇಪ್ ಹಿಡಿದು ಅಳೆದರು. ನಾನು ಒಳಗೊಳಗೇ ಕುಣಿಯುತ್ತಿದ್ದೆ. ಆಗ ಕೇಳಿದರು, 'ಏನಜ್ಜಿ, ಇಷ್ಟು ವರ್ಷ ಇಲ್ಲಿ ಹೆಂಗೆ ಓಡಾಡ್ತಿದ್ರಿ?'

ಉಗ್ರಪ್ಪನವರು ಎದುರಿಗೇ ನಿಂತಿದ್ದರು. ಹುಲಿಯಮ್ಮ ಸೆರಗು ಸರಿಮಾಡಿಕೊಂಡು ಕೈ ಮುಗಿದರು.

'ಯಜಮಾನ್ರು ದೊಡ್ ಮನ್ಸು ಮಾಡಿ ಬಿಟ್ಟಿದ್ರು ಸ್ವಾಮಿ. ನಾವೂ ಮರೆತಿಲ್ಲ. ಪ್ರತಿ ವರ್ಸ ಹೊಸ ಬೆಳೆ ಬಂದಾಗ ಅವ್ರ ಬಾಗ್ಲಿಗೆ ಒಂದ್ ಮೊರ ತುಂಬ ಇಟ್ಟೇ ಮನೀಗ್ ತಗಂಡೋಗಾದು.'

ಶಶಿಧರ ವಕೀಲರ ಮುಖ ಅರಳಿದ್ದು ನೋಡಬೇಕಿತ್ತು. 'ಬರ್ಕೊಳ್ಳಿ ಸರ್, ಬರ್ಕೊಳ್ಳಿ! ದೊಡ್ಡ ಮನಸ್ಸು ಮಾಡಿ ಬಿಟ್ಟಿದ್ದು. ಅಂದ್ರೆ ಅನುಮತಿ. ಮೊರ ಯಾಕೆ? ಅನುಮತಿಗೆ ಮರ್ಯಾದೆ.'

ಅನುಮತಿಯ ಮೇಲೆ ನೂರು ವರ್ಷ ನಡೆದರೂ ಹಕ್ಕು ಹುಟ್ಟುವುದಿಲ್ಲ. ಕೊಟ್ಟವರು ಯಾವಾಗ ಬೇಕಾದರೂ ವಾಪಸ್ ತಗೊಳ್ಳಬಹುದು. ಅಜ್ಜಿ ವಿನಯಕ್ಕೆ ಆಡಿದ ಒಂದೇ ಮಾತಿಗೆ ನನ್ನ ಸೆಕ್ಷನ್ 15 ಮಣ್ಣುಪಾಲು.

ಹಾದಿಯಲ್ಲಿ ಸಿಡುಕಿದೆ. 'ಯಾಕಜ್ಜಿ ಹಂಗಂದ್ರಿ?'

'ಮತ್ತೇನಂತ ಅನ್ಲಿ ಮಗಾ? ಎದ್ರಿಗೇ ನಿಂತವ್ರೆ. ಅವ್ರ ತೋಟದಾಗೆ ನಿಂತ್ಕಂಡು ನಂದೇ ದಾರಿ ಅಂತ ಹೆಂಗನ್ನಾದು?'

ಹೌದಲ್ಲ. ಅಪ್ಪಣೆ ಕೇಳದೆ, ಹಕ್ಕಿನಿಂದ ನಡೆಯಬೇಕಂತೆ! ಆ ಊರಲ್ಲಿ ಹುಲಿಯಮ್ಮನಂಥವರು ಹಾಗೆ ನಡೆದಿದ್ದರೆ ಇಪ್ಪತ್ತು ವರ್ಷ ಇರಲಿ, ಇಪ್ಪತ್ತು ದಿನ ಬಿಡುತ್ತಿದ್ದರೇ? ಕಾಯ್ದೆ ಬರೆದ ಪುಣ್ಯಾತ್ಮನಿಗೆ ಇದು ಹೊಳೆದಿರಲಿಲ್ಲ. ಸಿಟ್ಟು ಬರುತ್ತಿದೆ. ಅಜ್ಜಿಯ ಮೇಲಲ್ಲ.

ಸೆಪ್ಟೆಂಬರ್ 15, ಸೋಮವಾರ

ಬೆಳಿಗ್ಗೆ ಸತ್ತವಳಂತೆ ಆಫೀಸಿಗೆ ಹೋದೆ. ಸರ್ ನಗುತ್ತಿದ್ದಾರೆ! 'ಮುಖ ಊದಿಸ್ಕೊಂಡು ಬರೆದ್ಯಲ್ಲ, ಆ ಪ್ಯಾರಾ ಓದು.'

ಓದಿದೆ. ಅಗತ್ಯದ ದಾರಿ. ಅದಕ್ಕೆ ಅನುಮತಿಯೂ ಬೇಡ, ಇಪ್ಪತ್ತು ವರ್ಷವೂ ಬೇಡ! ಜಮೀನು ಒಡೆದು ಮಾರಿದ ದಿನವೇ ಹುಟ್ಟಿದ ಹಕ್ಕು ಅದು. ಮೊರ ಕೊಟ್ಟರೂ ಅಷ್ಟೇ, ಕೈ ಮುಗಿದರೂ ಅಷ್ಟೇ. ಜೀವ ಬಂತು. ಕ್ಯಾಂಟೀನಿಗೆ ಹೋಗಿ ಎರಡು ಇಡ್ಲಿ ಜಾಸ್ತಿ ತಿಂದೆ.

ಮಧ್ಯಾಹ್ನ ಮತ್ತೆ ಪೆಟ್ಟು. ಶಶಿಧರ ವಕೀಲರು ಸುಪ್ರೀಂ ಕೋರ್ಟಿನ 2024ರ ತೀರ್ಪೊಂದನ್ನು ತಂದಿದ್ದಾರೆ. ಬೇರೊಂದು ದಾರಿ ಇದ್ದರೆ, ಅದು ಸುತ್ತು ಬಳಸಾಗಿದ್ದರೂ ಸರಿ, ಅಗತ್ಯದ ಹಕ್ಕು ಸಿಗದು. ಕಮಿಷನರ್ ವರದಿಯಲ್ಲೂ ಒಂದು ಸಾಲು ಸೇರಿಕೊಂಡಿದೆ: 'ಹಿಂಬದಿಯಲ್ಲಿ ಹಳಿಯ ಆಚೆ ರಸ್ತೆ ಇದೆ. ಜನ ಓಡಾಡುತ್ತಾರೆ.'

ಆ ತೀರ್ಪನ್ನು ಮೂರು ಸಲ ಓದಿದೆ. ಸರಿಯಾಗಿಯೇ ಇದೆ. ಅದೇ ಕಷ್ಟ.

ಸೆಪ್ಟೆಂಬರ್ 17, ಬುಧವಾರ

ಇವತ್ತು ನನ್ನನ್ನು ಯಾರಾದರೂ ನೋಡಿದ್ದರೆ ಹುಚ್ಚಿ ಅನ್ನುತ್ತಿದ್ದರು. ಒಬ್ಬರು ಅಂದರು ಕೂಡ.

ಆ ಬೇರೆ ದಾರಿ ಹೇಗಿದೆ ಅಂತ ನಡೆದೇ ನೋಡಲು ಹೋದೆ. ಹೊಲದ ಹಿಂದೆ ಏರಿ, ಜಲ್ಲಿ, ಜೋಡಿ ಹಳಿ. ಆಚೆ ಇಳಿದರೆ ರಸ್ತೆ, ಕಣ್ಣೆದುರೇ. ಎದೆ ಒಡೆಯಿತು. ಎಡಕ್ಕೆ ನೋಡಿ ಬಲಕ್ಕೆ ನೋಡಿ ಹಳಿ ದಾಟುತ್ತಿದ್ದೆ, ಅಷ್ಟರಲ್ಲಿ ದೂರದಿಂದ ಸೀಟಿ. ಕಿತ್ತಳೆ ಜಾಕೆಟ್ ಹಾಕಿದ ರೈಲ್ವೆಯವರು ಓಡಿ ಬಂದರು.

'ಏನಮ್ಮಾ, ಸಾಯಾಕ್ ಬಂದಿದೀಯಾ? ಓದ್ದೋಳ್ ತರ ಕಾಣ್ತೀಯ! ಇದೇನ್ ನಿಮ್ಮಪ್ಪನ ದಾರಿನಾ? ದಾಟಿದ್ರೆ ಕೇಸು, ಗೊತ್ತಾ?'

ಒಂದು ಕ್ಷಣ ಹಳಿ ಮೇಲೆ ಹಾಗೇ ನಿಂತೆ. ಆಮೇಲೆ ಕಿರುಚಿದೆ. 'ಏನಂದ್ರಿ? ಇನ್ನೊಂದ್ಸಲ ಹೇಳಿ!'

'ಕೇಸು ಅಂದೆ.'

'ಹಾಕ್ಸಿ ಸರ್! ದಯವಿಟ್ಟು ನನ್ ಮೇಲೊಂದು ಕೇಸ್ ಹಾಕ್ಸಿ!'

ಪಾಪ, ಅವರು ಎರಡು ಹೆಜ್ಜೆ ಹಿಂದೆ ಸರಿದರು. 'ಹುಚ್ ಹಿಡಿದೈತಾ? ಮೊದ್ಲು ಕೆಳಗಿಳಿ ತಾಯಿ.' ಇಳಿದೆ. ಎಷ್ಟು ಬೇಡಿದರೂ ಕೇಸು ಹಾಕಿಸಲಿಲ್ಲ. ಹಿಂದೆ ಇಲ್ಲಿ ರೈಲ್ವೆ ಗೇಟಿತ್ತಂತೆ, ಮುಚ್ಚಿ ಐವತ್ತು ವರ್ಷವಾಯಿತಂತೆ. ಹಳಿ ದಾಟುವುದು ಅಪರಾಧ ಅಂತ ಬೋರ್ಡೇ ಇದೆ, ಹುಲ್ಲಿನಲ್ಲಿ ಅರ್ಧ ಮುಚ್ಚಿಹೋಗಿದೆ. ಹುಲ್ಲು ಕಿತ್ತು ಫೋಟೋ ಹೊಡೆದೆ.

ರೈಲ್ವೆ ಕಾಯ್ದೆ, ಸೆಕ್ಷನ್ 147. ಕಾಲಿಟ್ಟರೆ ಅಪರಾಧವಾಗುವ ಜಾಗ ಕಾನೂನಿನ ಕಣ್ಣಲ್ಲಿ ದಾರಿ ಹೇಗಾದೀತು? ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ. ಪಕ್ಕದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದರು.

ಮಳೆ ಶುರುವಾಗಿದೆ. ಸಣ್ಣದು. ಸಣ್ಣದೇ ಇರಲಿ ದೇವರೇ.

ಸೆಪ್ಟೆಂಬರ್ 19, ಶುಕ್ರವಾರ

ಮಾತಾಡಿದೆ ಅಪ್ಪಾ! ಇವತ್ತು ಮಾತಾಡಿದೆ!

ಸರ್ ಎದ್ದು 'ನನ್ನ ಜೂನಿಯರ್ ವಾದ ಮಾಡ್ತಾರೆ' ಎಂದು ಕೂತುಬಿಟ್ಟರು. ಮೊದಲೇ ಹೇಳಬಾರದಿತ್ತೇ? ಮೊದಲ ಎರಡು ವಾಕ್ಯ ಏನಂದೆನೋ ನೆನಪಿಲ್ಲ. ಆಮೇಲೆ ದನಿ ತಾನೇ ಬಂತು. ಸುಪ್ರೀಂ ಕೋರ್ಟಿನ ತೀರ್ಪು ತಲೆಬಾಗಿ ಒಪ್ಪುತ್ತೇವೆ ಸ್ವಾಮಿ, ಆದರೆ ಅಲ್ಲಿ ಹೇಳಿರುವುದು ದಾರಿಯ ಬಗ್ಗೆ. ಇಲ್ಲಿರುವುದು ದಾರಿಯಲ್ಲ, ಅಪರಾಧ. ಫೋಟೋ ಕೊಟ್ಟೆ.

ಶಶಿಧರ ವಕೀಲರು ಎದ್ದರು. 'ಜನ ದಿನಾ ದಾಟ್ತಾರೆ ಸ್ವಾಮಿ!'

ಮೇಡಂ ಫೋಟೋದಿಂದ ತಲೆ ಎತ್ತಿದರು. 'ಹಾಗಾದ್ರೆ ಈರುಳ್ಳಿ ಟ್ರ್ಯಾಕ್ಟರನ್ನ ಹಳಿ ಮೇಲೆ ಹತ್ತಿಸಿ ಅಂತೀರಾ ವಕೀಲರೇ?'

ಇಡೀ ಹಾಲ್ ನಕ್ಕಿತು. ನಾನು ಮಾತ್ರ ನಗಲಿಲ್ಲ. ಮೇಜು ಹಿಡಿದು ನಿಂತಿದ್ದೆ.

ಆಮೇಲೆ ಶಶಿಧರ ವಕೀಲರು ಮೊರದ ವಿಷಯ ತೆಗೆದರು. ಹೇಳಿದೆ: ಅಗತ್ಯದ ದಾರಿಗೆ ಅನುಮತಿಯ ಪ್ರಶ್ನೆಯೇ ಬರುವುದಿಲ್ಲ. ಅಲ್ಲದೆ ಹೊಸ ಬೆಳೆ ಬಂದಾಗ ನೆರೆಮನೆಗೆ ಕೊಡುವುದು ನಮ್ಮ ಕಡೆ ರೂಢಿ ಸ್ವಾಮಿ, ಅದು ಬಾಡಿಗೆಯಲ್ಲ. ಹಿಂದಿನ ಬೆಂಚಿನಲ್ಲಿ ಉಗ್ರಪ್ಪನವರು ತಲೆ ತಗ್ಗಿಸಿ ಕೂತಿದ್ದರು.

ಆದೇಶ ಮಂಗಳವಾರ.

ಸೆಪ್ಟೆಂಬರ್ 23, ಮಂಗಳವಾರ

ಗೆದ್ದೆವು. ದಾವೆ ತೀರ್ಮಾನವಾಗುವವರೆಗೆ ಬಂಡಿದಾರಿಗೆ ಅಡ್ಡಿ ಮಾಡಬಾರದು, ಬೇಲಿ ತೆಗೆಯಬೇಕು. ಪೈಪಿಗೆ ಏಟಾಗದಂತೆ ನಾವು ಮಣ್ಣು ಮುಚ್ಚಿಕೊಡಬೇಕು. ಅದೂ ನ್ಯಾಯವೇ. ಅಪ್ಪ ಬೀರೂರಿನ ಬೇಕರಿಯಿಂದ ಕೇಕು ತಂದರು. ಪೂರ್ತಿ ದಾವೆ ಇನ್ನೂ ಬಾಕಿ ಇದೆ ಅಂದರೂ ಕೇಳಲಿಲ್ಲ.

ಸೆಪ್ಟೆಂಬರ್ 24, ಬುಧವಾರ, ಅಜ್ಜಂಪುರ ಬಸ್ ಸ್ಟ್ಯಾಂಡ್

ಬಸ್ಸಿಗೆ ಕಾಯುತ್ತಾ ಬರೆಯುತ್ತಿದ್ದೇನೆ. ಕೈಗೆಲ್ಲ ಈರುಳ್ಳಿ ವಾಸನೆ.

ಬೇಲಿ ತೆಗೆದಿದ್ದರು. ಗುಡ್ಡೆಯ ಅಡಿಯಲ್ಲಿದ್ದದ್ದು ಕೊಳೆತಿದೆ, ಆದರೆ ಮುಕ್ಕಾಲು ಪಾಲು ಉಳಿಯಿತು! ಟ್ರ್ಯಾಕ್ಟರ್ ತುಂಬಿಕೊಂಡು ಹೊರಟಿತು. ಹುಲಿಯಮ್ಮ ಹತ್ತಲಿಲ್ಲ. ಹಿಂದೆ ನಡೆದು ಬರುತ್ತಿದ್ದವರು ತೋಟದ ನಡುವೆ ನಿಂತುಬಿಟ್ಟರು.

'ಲಾಯರಮ್ಮ, ಇಲ್ಲಿ ನಡೀಬೋದು ಅಂತ ಜಡ್ಜಮ್ಮ ಹೇಳದ್ರಲ್ಲ. ಕುಂದ್ರಬೋದಾ?'

'ಕೂರೋದಾ?'

'ಹೊಲ ತಗಂಡಾಗ್ನಿಂದ ಇಲ್ಲೇ ಸವ್ದಿದೀನಿ. ತಲೆ ಮ್ಯಾಲೆ ಎಷ್ಟೇ ಹೊರೆ ಇರ್ಲಿ, ನಿಂತು ಸುಧಾರಿಸ್ಕಂಡಿಲ್ಲ. ಯಾರಾನ ಏನಾರ ಅಂದಾರು ಅಂತ ಬಿರಬಿರನೆ ದಾಟ್ಬುಡಾದು. ನೆಳ್ಳು ಚೆನ್ನಾಗೈತೆ. ಒಂದ್ಸಲ ಕುಂತು ನೋಡಾನಾ ಅಂತ.'

ಕಾನೂನು ನನಗೆ ಚೆನ್ನಾಗಿ ಗೊತ್ತು. ದಾರಿಯ ಹಕ್ಕು ದಾಟುವುದಕ್ಕೆ ಮಾತ್ರ. ಕೂರಲು ಯಾವ ಸೆಕ್ಷನ್ನೂ ಇಲ್ಲ, ನಿನ್ನೆಯ ಆದೇಶದಲ್ಲೂ ಇಲ್ಲ. ಸೀನಿಯರ್ ಇದ್ದಿದ್ದರೆ ಬೇಡ ಅನ್ನುತ್ತಿದ್ದರು.

'ಕೂತ್ಕೋ ಅಜ್ಜಿ' ಅಂದೆ.

ಕೂತರು. ಕಾಲು ಚಾಚಿದರು. ನಾನೂ ಕೋಟು ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತೆ. ಅಷ್ಟು ಖುಷಿ ಕೋರ್ಟಿನಲ್ಲೂ ಆಗಿರಲಿಲ್ಲ.

ಆಗ ಆ ತುದಿಯಿಂದ ಉಗ್ರಪ್ಪನವರು ಬಂದರು. ನಮ್ಮನ್ನು ನೋಡಿ ನಿಂತರು. ಅಜ್ಜಿ ಏಳಲು ಹೋದರು. ಕೈ ಹಿಡಿದು ಕೂರಿಸಿದೆ. ಅಜ್ಜಿ ಕೂತಲ್ಲಿಂದಲೇ ಮುಖ ಎತ್ತಿದರು.

'ಕಾಯಿ ಈ ಸಲ ಚೆಂದಾಗ್ ಹಿಡ್ದೈತೆ.'

ಉಗ್ರಪ್ಪನವರು ಮರದ ಕಡೆ ನೋಡಿದರು. ನಮ್ಮ ಕಡೆ ನೋಡಿದರು. 'ಎಲ್ಲಿ ಚೆಂದ, ನುಸಿ ಬಿದ್ದೈತೆ' ಅಂದು, ಪಂಚೆ ಮೇಲೆತ್ತಿ ಕಟ್ಟಿ, ನಮ್ಮೆದುರಿಗೇ ಬಂದು ಅಲ್ಲೇ ಬದುವಿನ ಮೇಲೆ ಕೂತರು.